ನಗಬಾರದ ಹಾಡು

ರಕ್ತ ತೆಗೆಸಿಕೊಳ್ಳಲು ಬಂದವನು ತೋಳು ಚಾಚಿ ಕೂತು, ನರ್ಸಿನ ಮುಖ ನೋಡುತ್ತಲೇ ಒಂದು ಹಾಡು ಗುನುಗಲು ಶುರುಮಾಡಿದರೆ, ಆ ನರ್ಸು ಸೂಜಿಯನ್ನು ಎಲ್ಲಿಗೆ ಚುಚ್ಚಬೇಕು?

ಮೇ ತಿಂಗಳ ಒಂದು ಸಂಜೆ ಗುನ್ವೋರ್ ತನ್ನ ಗಂಡ ಸ್ಟೆಲ್ಲನ್‌ಗೆ ಈ ಪ್ರಶ್ನೆ ಹಾಕಿದಳು. ದನಿ ಏರಿಸಲಿಲ್ಲ. ಉತ್ತರದ ಚಳಿಸೀಮೆ ಹೆಲ್ಸಿಂಗ್‌ಲಾಂಡಿನ ಹೆಂಗಸರು ದನಿ ಏರಿಸುವವರಲ್ಲ. ಸಿಟ್ಟು ಬಂದಾಗ ಪಾತ್ರೆಗಳನ್ನು ಒಂಚೂರು ನಿಧಾನವಾಗಿ ಒರೆಸುತ್ತಾರೆ, ಅಷ್ಟೆ. ಗುನ್ವೋರ್ ಐದು ನಿಮಿಷದಿಂದ ಒಂದೇ ತಟ್ಟೆ ಒರೆಸುತ್ತಿದ್ದಳು.

"ಯಾವ ಹಾಡು?" ಎಂದು ಸ್ಟೆಲ್ಲನ್ ಕೇಳಿದ. ಗೊತ್ತಿದ್ದೂ ಕೇಳಿದ. (ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡಸರಿಗೆಲ್ಲ ಈ ಉಪಾಯ ಗೊತ್ತು. ಅದು ಇವತ್ತಿನವರೆಗೆ ಯಾರಿಗೂ ಫಲಿಸಿಲ್ಲ ಅನ್ನುವುದೂ ಗೊತ್ತು.)

"ಇನ್ಯಾವ್ದು? ಕಾಡಿಗೆ ವ್ಯಾಕ್ಯೂಮ್ ಹೊಡೆದ ಹೆಂಗ್ಸು. ಇವತ್ತು ಮೂರು ಜನ ಗುನುಗಿದ್ರು. ಒಬ್ಬನ ಬಿ.ಪಿ. ನೋಡ್ತಿದ್ದೆ, ಅವನು ಕಾಲಲ್ಲಿ ತಾಳ ಬೇರೆ ಹಾಕ್ತಿದ್ದ."

ಸ್ಟೆಲ್ಲನ್ ವಾರವೆಲ್ಲ ಊರ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದ. ಶನಿವಾರ, ಭಾನುವಾರ ಬಂತೆಂದರೆ ಆಸಾಮಿಯ ಅವತಾರವೇ ಬೇರೆ. 'ಒದ್ದೆ ಕಾಲುಚೀಲ' ಎಂಬ ನಾಲ್ಕು ಜನರ ವಾದ್ಯವೃಂದಕ್ಕೆ ಅವನೇ ಕವಿ, ಅವನೇ ಗಾಯಕ. ನಾಲ್ವರಲ್ಲಿ ಐವತ್ತೈದಕ್ಕಿಂತ ಚಿಕ್ಕವರು ಯಾರೂ ಇರಲಿಲ್ಲ. ಅಜ್ಜಂದಿರ ಕಾಲದ ಕುಣಿತದ ಮಟ್ಟುಗಳನ್ನು ತೆಗೆದುಕೊಂಡು, ಅದಕ್ಕೆ ವಿದ್ಯುತ್ ಗಿಟಾರು ಮತ್ತು ಡ್ರಮ್ಮು ಸೇರಿಸಿ, ಮೇಲೊಂದಿಷ್ಟು ಅಸಂಬದ್ಧ ಸಾಹಿತ್ಯ ಸುರಿದರೆ ಅವರ ಹಾಡು ಸಿದ್ಧವಾಗುತ್ತಿತ್ತು. ತನ್ನ ಕಾಡಿನಲ್ಲೇ ತಾನು ಓಡಾಡಲು ಪುರಸಭೆಗೆ ಅರ್ಜಿ ಹಾಕಿಕೊಂಡ ಕಡವೆಯ ಕಥೆ ಒಂದು ಹಾಡು. ಅರ್ಜಿ ತಿರಸ್ಕೃತವಾಗುತ್ತದೆ, ಏಕೆಂದರೆ ಕೊಂಬಿನ ಅಗಲ ನಮೂದಿಸಿಲ್ಲ. ಇನ್ನೊಂದರಲ್ಲಿ ಒಬ್ಬ ಸಜ್ಜನ ಸರದಿಯ ಚೀಟಿ ಹಿಡಿದು ಕಾಯುತ್ತಾ ಕಾಯುತ್ತಾ ಸತ್ತೇ ಹೋಗುತ್ತಾನೆ, ಸ್ವರ್ಗದ ಬಾಗಿಲಲ್ಲಿ ಅವನ ಕೈಗೆ ಇನ್ನೊಂದು ಚೀಟಿ ಕೊಡುತ್ತಾರೆ. ಎರಡು ಗಂಟೆ ಕೈಕಟ್ಟಿ ನಿಂತು ಕೇಳಿ, "ಕೆಟ್ಟದಾಗೇನೂ ಇರ್ಲಿಲ್ಲ" ಎಂದು ಹೇಳಿ ಹೋಗುವ ಆ ಸೀಮೆಯ ಜನ, ಸ್ಟೆಲ್ಲನ್ ಬಾಯಿ ತೆರೆದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎಲ್ಲ ಸರಿ. ಆದರೆ ಪ್ರತಿ ಆಲ್ಬಮ್ಮಿನಲ್ಲೂ ಹೆಂಡತಿಯ ಮೇಲೊಂದು ಹಾಡು ಇದ್ದೇ ಇರುತ್ತಿತ್ತು. ಹೆಸರು ಮಾತ್ರ ಬೇರೆ ಇಡುತ್ತಿದ್ದ, ಮಹಾ ಗುಟ್ಟು ಕಾಪಾಡುವವನ ಹಾಗೆ. ಆರು ವರ್ಷದ ಹಿಂದೆ ನೆಂಟರು ಬರುವ ಮುಂಚೆ ಗುನ್ವೋರ್ ಮನೆಮುಂದಿನ ಮೆಟ್ಟಿಲ ಮೇಲೆ ಬಿದ್ದ ಪೈನ್ ಎಲೆಗಳನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದಿದ್ದಳು. ವೈರು ಉದ್ದವಿತ್ತು, ಮೆಟ್ಟಿಲು ದಾಟಿ ಎರಡಡಿ ಮುಂದೆ ಹೋಗಿದ್ದೂ ನಿಜ. (ಒಂದೇ ಅಡಿ ಎಂಬುದು ಗುನ್ವೋರಳ ವಾದ.) ಹಾಡಿನಲ್ಲಿ ಆ ಎರಡಡಿ ಹೋಗಿ ಇಡೀ ಕಾಡಾಯಿತು, ನಡುವೆ ಸಿಕ್ಕಿದ ಕಡವೆಯ ಮೈಯ ಧೂಳೂ ಹೊಡೆದಿದ್ದಾಯಿತು. ಅಂದಿನಿಂದ ಜಿಲ್ಲಾ ಆರೋಗ್ಯ ಕೇಂದ್ರದ ಹಿರಿಯ ನರ್ಸಮ್ಮನನ್ನು ಕಂಡರೆ ಕೆಮ್ಮುವ ರೋಗಿಯೂ ಕೆಮ್ಮು ಬಿಟ್ಟು ಗುನುಗುತ್ತಿದ್ದ.

ತಟ್ಟೆಯನ್ನು ಕೊನೆಗೂ ಕಪಾಟಿನಲ್ಲಿಟ್ಟು ಗುನ್ವೋರ್ ತಿರುಗಿದಳು. "ಮುಂದಿನ ತಿಂಗ್ಳು ನಂಗೆ ಅರವತ್ತು ತುಂಬತ್ತೆ. ಎಲ್ರೂ ಬರ್ತಾರೆ. ನಂಗೊಂದು ಹಾಡು ಬೇಕು. ನಿಜವಾದ್ದು. ಅದ್ರಲ್ಲಿ ಒಂದೇ ಒಂದು ತಮಾಷೆ ಇರ್ಬಾರ್ದು."

"ಒಂದೂ ಇರ್ಬಾರ್ದಾ?"

"ಒಂದೂ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇಜಾರಿಲ್ಲ. ಸುಮ್ನೆ ಬಂದು ಕೇಕು ತಿಂದು ಹೋಗು. ಆದ್ರೆ ನಂಗೆ ಒಂದ್ಸಲ ಗೊತ್ತಾಗ್ಬೇಕು ಸ್ಟೆಲ್ಲನ್. ನೀನು ನನ್ ಬಗ್ಗೆ ಏನು ಅಂದ್ಕೊಂಡಿದೀಯ ಅಂತ ಈ ಊರಿಗೆಲ್ಲಾ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ."

ಈ ಕೊನೆಯ ಮಾತು ಸ್ಟೆಲ್ಲನ್‌ಗೆ ಚುಚ್ಚಿತು. ಅವಳ ಕೈಯ ಸೂಜಿಗಿಂತ ಆಳಕ್ಕೆ ಹೋಯಿತು. ಅವನಿಗೆ ನಿಜಕ್ಕೂ ಬೇಜಾರಾಯಿತು. "ಬರೀತೀನಿ" ಎಂದ.

ಬರೆಯಲು ಕೂತಾಗಲೇ ತಿಳಿದದ್ದು, ಈ ಮಹಾಕವಿಯ ಕೈಗೆ ಒಂದೇ ದಾರಿ ಗೊತ್ತು ಅಂತ. 'ನಿನ್ನ ಕಣ್ಣುಗಳು' ಎಂದು ಬರೆದರೆ ಮುಂದಿನ ಸಾಲಿನಲ್ಲಿ ಆ ಕಣ್ಣುಗಳು ಕನ್ನಡಕ ಹುಡುಕುತ್ತಾ ಪೊಲೀಸ್ ಠಾಣೆಗೆ ಹೋಗುತ್ತಿದ್ದವು. 'ನಮ್ಮ ಮೊದಲ ಚಳಿಗಾಲ' ಎಂದು ಬರೆದರೆ ಎಲ್ಲಿಂದಲೋ ಆ ಹಾಳು ಕಡವೆ ಬಂದು ನಿಲ್ಲುತ್ತಿತ್ತು. ಎರಡು ವಾರದಲ್ಲಿ ಹನ್ನೊಂದು ಹಾಳೆ ಹರಿದು ಒಲೆಗೆ ಹಾಕಿದ. ಕೊನೆಗೆ ಗ್ಯಾರೇಜಿನಲ್ಲಿ ತಂತಿ ಬಿಗಿಯುತ್ತಾ ಕೂತಿದ್ದ ಬೋರ್ಯೆಯ ಹತ್ತಿರ ಹೇಳಿಕೊಂಡ. ಬೋರ್ಯೆ ವಾದ್ಯವೃಂದದಲ್ಲಿ ನೀಕೆಲ್‌ಹಾರ್ಪಾ ನುಡಿಸುವವನು. ಅದು ಕೀಲಿಗಳಿರುವ ದೊಡ್ಡ ಪಿಟೀಲು. ದಿನಕ್ಕೆ ಹತ್ತು ಮಾತಾಡಿದರೆ ಬೋರ್ಯೆಗೆ ಅದು ಹಬ್ಬದ ದಿನ.

"ಹೆಂಡ್ತಿ ಬಗ್ಗೆ ನಿಜ ಬರೀಬೇಕಂತೆ ಕಣೋ" ಎಂದ ಸ್ಟೆಲ್ಲನ್.

"ಎಷ್ಟು ಸಾಲು?"

"ಹನ್ನೆರಡು ಅಂದ್ಕೊಂಡಿದೀನಿ."

ಬೋರ್ಯೆ ಕಮಾನು ಕೆಳಗಿಟ್ಟು ಅವನನ್ನು ನೋಡಿದ. "ಅಷ್ಟೊಂದು ಇದೆಯಾ ನಿನ್ ಹತ್ರ?"

ಶಾಲೆಗೆ ಬೇಸಿಗೆ ರಜೆ ಬಂತು. ಗುನ್ವೋರ್ ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ಕೆಲಸಕ್ಕೆ ಹೋದಳು. ಸ್ಟೆಲ್ಲನ್ ಅಡುಗೆಮನೆಗೆ ಹೋದ. ನಡುಮನೆಗೆ ಬಂದ. ಕಿಟಕಿ ನೋಡಿದ. ಮತ್ತೆ ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ, ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ನಿಂತಿದ್ದಾನೆ. ಹಸಿವಿಲ್ಲ, ಬಾಯಾರಿಕೆಯಿಲ್ಲ. ಇಡೀ ಮನೆಯಲ್ಲಿ ಅದರೊಳಗೆ ಮಾತ್ರ ದೀಪ ಉರಿಯುತ್ತಿತ್ತು, ಅದಕ್ಕೆ ನಿಂತಿದ್ದ. ಪ್ರತಿ ರಜೆಯಲ್ಲೂ ಹೀಗೇ ನಿಲ್ಲುತ್ತೇನಲ್ಲ ಎಂದು ಅವನಿಗೆ ಆಗ ಹೊಳೆಯಿತು. ಮೊಸರಿನ ಡಬ್ಬದ ಪಕ್ಕದಲ್ಲಿ ಸಿಕ್ಕಿದ ಬೆಣ್ಣೆಯ ಕಾಗದದ ಹಿಂದೆಯೇ ಬರೆಯಲು ಶುರುಮಾಡಿದ. ಕಡವೆ ಬರಲಿಲ್ಲ.

ಹುಟ್ಟುಹಬ್ಬದ ಊಟ ಊರಿನ ಸಮುದಾಯ ಭವನದಲ್ಲಿ, ಶನಿವಾರ ಮಧ್ಯಾಹ್ನ. ನಲವತ್ತು ಜನ. ಬ್ರೆಡ್ಡಿನ ಪದರದ ಮೇಲೆ ಪದರ ಇಟ್ಟು, ನಡುವೆ ಸೀಗಡಿ, ಮೊಟ್ಟೆ ತುಂಬಿ, ಮಯೊನೀಸ್ ಮೆತ್ತಿದ ಸ್ಯಾಂಡ್‌ವಿಚ್ ಕೇಕುಗಳು ಸಾಲಾಗಿ ಕೂತಿದ್ದವು. ಕಾರ್ಯಕ್ರಮದ ಯಜಮಾನಿಕೆ ಗುನ್ವೋರಳ ತಂಗಿ ಇಂಗೆಗೆರ್ಡಳದು. ಕೈಯಲ್ಲಿ ಪಟ್ಟಿ, ಕೊರಳಲ್ಲಿ ಗಡಿಯಾರ. ಯಾರು ಯಾವಾಗ ಎದ್ದು ಏನು ಹೇಳಬೇಕು, ಎಲ್ಲ ಅವಳ ಪಟ್ಟಿಯಲ್ಲಿತ್ತು. ಅಲ್ಲಿನ ಕ್ರಮವೇ ಹಾಗೆ. ಅರವತ್ತು ತುಂಬಿದವರನ್ನು ನಡುವೆ ಕೂರಿಸಿ, ನೆಂಟರೆಲ್ಲ ಅವರ ಮೇಲೆ ತಮಾಷೆಯ ಪದ ಕಟ್ಟಿ, ಎಲ್ಲರಿಗೂ ಬರುವ ಧಾಟಿಗೆ ಹೊಂದಿಸಿ, ಅಚ್ಚುಹಾಕಿಸಿ ಹಂಚಿ, ಒಟ್ಟಿಗೆ ಹಾಡುತ್ತಾರೆ. ಅರವತ್ತರ ಮನುಷ್ಯ ಕೇಕು ತಿನ್ನುತ್ತಾ ತನ್ನ ಮಾನ ಹರಾಜಾಗುವುದನ್ನು ಪ್ರೀತಿಯಿಂದ ಕೇಳಬೇಕು. ಚಿಕ್ಕಪ್ಪನ ಮಕ್ಕಳು ಗುನ್ವೋರಳ ಸೈಕಲ್ಲಿನ ಮೇಲೆ ಹಾಡಿದರು. ಆಸ್ಪತ್ರೆಯವರು ಅವಳ ಸೂಜಿಯ ಮೇಲೆ ಹಾಡಿದರು. ಮೂರು ಕಡೆ ವ್ಯಾಕ್ಯೂಮ್ ಬಂತು.

"ಏಳನೇದು" ಎಂದಳು ಇಂಗೆಗೆರ್ಡ್, ಗಡಿಯಾರ ನೋಡುತ್ತಾ. "ಎಲ್ರೂ ಕಾಯ್ತಿರೋದು ಇದಕ್ಕೇ. ನೀರು ಕುಡೀತಿರೋರು ಲೋಟ ಕೆಳಗಿಡಿ, ಆಮೇಲೆ ನೆತ್ತಿಗೇರಿದ್ರೆ ನಾನು ಜವಾಬ್ದಾರಳಲ್ಲ. ಸ್ಟೆಲ್ಲನ್, ಆರು ನಿಮಿಷ ಇದೆ."

ಸ್ಟೆಲ್ಲನ್ ಗಿಟಾರು ಹಿಡಿದು ನಿಂತ. ಬೋರ್ಯೆ ಪಕ್ಕದಲ್ಲಿ ಒಂದು ಉದ್ದನೆಯ ಸ್ವರ ಹಿಡಿದ.

"ಇದು ತಮಾಷೆಯ ಹಾಡಲ್ಲ" ಎಂದ ಸ್ಟೆಲ್ಲನ್.

ಭವನ ಗೊಳ್ಳೆಂದಿತು. ಅವನು ಹಾಡಿದ:

ಬೆಳಿಗ್ಗೆ ನೀನು ಕಾಫಿ ಕಾಸುತ್ತೀ,
ಮೊದಲ ಲೋಟ ನನಗೆ ಕೊಡುತ್ತೀ.
ನಿನಗೆ ಉಳಿದಿದೆಯಾ ಎಂದು
ಮೂವತ್ತನಾಲ್ಕು ವರ್ಷದಿಂದ ನಾನು ಕೇಳಿಲ್ಲ.

ಮೊದಲ ಸಾಲಿಗೆ ಖಿಸಕ್ಕೆಂದವರು ನಾಲ್ಕನೆಯದಕ್ಕೆ ಮೇಜು ಬಡಿದರು. ಅವರದೂ ತಪ್ಪಿಲ್ಲ ಅನ್ನಿ. ಗಂಡನಾದವನು ಎದ್ದುನಿಂತು, ಅದೂ ಕುಡಿಯದೆ, ಹೆಂಡತಿಗೆ ಇಂಥ ಮಾತು ಹೇಳಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಸ್ಟೆಲ್ಲನ್ ಹಾಡುತ್ತಾ ಹೋದ:

ನೀನು ಕೆಲಸಕ್ಕೆ ಹೋದ ಮೇಲೆ ಮನೆ ದೊಡ್ಡದಾಗುತ್ತದೆ.
ನಾನು ಫ್ರಿಜ್ಜಿನ ಬಾಗಿಲು ತೆರೆದು ನಿಲ್ಲುತ್ತೇನೆ.
ಹಸಿವಿಲ್ಲ.
ಅಲ್ಲಿ ದೀಪ ಇದೆ.

ಯೇವ್ಲೆಯಿಂದ ಬಂದಿದ್ದ ಸೋದರಮಾವ ನಕ್ಕು ನಕ್ಕು ಹಾಡಿನ ಕಾಗದದಲ್ಲೇ ಕಣ್ಣೊರೆಸಿಕೊಂಡ. ಆಸ್ಪತ್ರೆಯ ಡಾಕ್ಟರಮ್ಮ ತಲೆಯನ್ನು ಮೇಜಿಗೆ ಇಟ್ಟೇಬಿಟ್ಟಳು, ಹೆಗಲು ಕುಲುಕುತ್ತಿತ್ತು. ಸ್ಟೆಲ್ಲನ್ ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದ.

"ದಯವಿಟ್ಟು ನಗ್ಬೇಡಿ. ನಾನು ನಿಜ್ವಾಗ್ಲೂ ಹೇಳ್ತಿದೀನಿ."

ಇದು ಎಲ್ಲಕ್ಕಿಂತ ಹೆಚ್ಚು ನಗು ತಂದಿತು. ಕೊನೆಯ ನಾಲ್ಕು ಸಾಲು ಯಾರಿಗೂ ಕೇಳಿಸಲೇ ಇಲ್ಲ. ಹಾಡು ಮುಗಿದದ್ದೇ ಇಂಗೆಗೆರ್ಡ್ ಎಲ್ಲರನ್ನೂ ಎಬ್ಬಿಸಿ ಗುನ್ವೋರಳಿಗೆ ನಾಲ್ಕು ಜಯಕಾರ ಹಾಕಿಸಿದಳು. ನಾಲ್ಕೂ ಮುಗಿಯುವುದರೊಳಗೆ ಸ್ಟೆಲ್ಲನ್ ಅಲ್ಲಿರಲಿಲ್ಲ.

ಭವನದ ಅಡುಗೆಮನೆಯಲ್ಲಿ ಅವನು ಕೇಕಿನ ತಟ್ಟೆಗಳನ್ನು ತೊಳೆಯುತ್ತಿದ್ದ. ಗುನ್ವೋರ್ ಬಂದಳು. ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು.

"ನಿಂಗೆ ಮಾತು ಕೊಟ್ಟಿದ್ದೆ" ಎಂದ ಸ್ಟೆಲ್ಲನ್. "ಒಂದು ತಮಾಷೆಯನ್ನೂ ಹಾಕಿರ್ಲಿಲ್ಲ. ಆಣೆಗೂ."

"ಗೊತ್ತು."

"ಹೆಂಗೆ ಗೊತ್ತು? ಅವ್ರೆಲ್ಲಾ..."

"ಪ್ರಾಸ ಇರ್ಲಿಲ್ಲ. ಕಡವೆ ಇರ್ಲಿಲ್ಲ. ಹಾಡೂ ತುಂಬ ಕೆಟ್ದಾಗಿತ್ತು. ನಗ್ಸಕ್ಕೆ ಅಂತ ಬರೆದಿದ್ರೆ ನೀನು ಇಷ್ಟು ಕೆಟ್ದಾಗಿ ಬರೀತಿರ್ಲಿಲ್ಲ." ಅವಳು ತಟ್ಟೆಯನ್ನು ಬೇಗ ಬೇಗ ಒರೆಸಿದಳು. "ನಂಗೆ ಉಳ್ದಿದೆಯಾ ಅಂತ ಕೇಳಿಲ್ಲ ಅಂದ್ಯಲ್ಲ. ಈಗ ಕೇಳು."

"ಉಳೀತಿತ್ತಾ?"

"ನೀನು ಏಳೋದ್ರೊಳ್ಗೆ ನಾನು ಎರಡು ಲೋಟ ಮುಗ್ಸಿರ್ತಿದ್ದೆ. ನಿಂಗೆ ಕೊಡ್ತಿದ್ದಿದ್ದು ಮೂರನೇದು."

ಸ್ಟೆಲ್ಲನ್ ಕೈಯಲ್ಲಿದ್ದ ತಟ್ಟೆಯನ್ನು ನೀರಿಗೇ ಬಿಟ್ಟ. ಮೂವತ್ತನಾಲ್ಕು ವರ್ಷದ ಪಶ್ಚಾತ್ತಾಪ ಹೀಗೆ ಒಂದೇ ಮಾತಿನಲ್ಲಿ ಕೊಚ್ಚಿಹೋದದ್ದಕ್ಕೆ ಅವನಿಗೆ ಸ್ವಲ್ಪ ಸಿಟ್ಟೂ ಬಂತು. ಆದರೆ ಅವಳು ನಂಬಿದ್ದಳು. ಅವಳ ಕಣ್ಣು ಕೆಂಪಾಗಿತ್ತು, ಅದು ಈರುಳ್ಳಿಯಿಂದ ಆದದ್ದಲ್ಲ. ಅವನಿಗೆ ಅಷ್ಟು ಸಾಕಾಗಿತ್ತು.

ಊರಿಗೆ ಸಾಕಾಗಿರಲಿಲ್ಲ. ಅಲ್ಲಿ ಯಾರದಾದರೂ ಮನೆಯೂಟ ಉಂಡವರು ಮತ್ತೆ ಸಿಕ್ಕಾಗ "ಅವತ್ತಿನದಕ್ಕೆ ಥ್ಯಾಂಕ್ಸ್" ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ನಲವತ್ತು ಜನ, ನಲವತ್ತು ಥ್ಯಾಂಕ್ಸು. ಅಂಗಡಿಯಲ್ಲಿ ಚೀಸ್ ಕೊಳ್ಳುವಾಗ, ಕಸ ವಿಂಗಡಿಸುವ ಕಡೆ ಬಾಟಲಿ ಹಾಕುವಾಗ, ಎಲ್ಲಿ ಹೋದರೂ ಯಾರಾದರೂ ಅಡ್ಡಗಟ್ಟಿ, "ಅವತ್ತಿನದಕ್ಕೆ ಥ್ಯಾಂಕ್ಸ್ ಮಾರಾಯ, ಆ ಫ್ರಿಜ್ಜು" ಎಂದು ಅಲ್ಲೇ ಬಗ್ಗಿ ನಗುತ್ತಿದ್ದರು. ಪ್ರೇಮಗೀತೆಗಳ ಮೇಲೆ ಇಂಥ ಲೇವಡಿ ಈ ದೇಶದಲ್ಲೇ ಬಂದಿಲ್ಲ ಎಂದು ಶಾಲೆಯ ಸಂಗೀತದ ಮೇಷ್ಟ್ರು ಷರಾ ಬರೆದರು. ವಾದ್ಯವೃಂದದ ಇನ್ನಿಬ್ಬರು ಹಟ ಹಿಡಿದರು, ಬೇಸಿಗೆಯ ಕಾರ್ಯಕ್ರಮಗಳಲ್ಲಿ ಇದನ್ನು ಹಾಡಲೇಬೇಕು ಅಂತ.

ಸ್ಟೆಲ್ಲನ್ ಹೆಂಡತಿಯನ್ನು ಕೇಳಿದ. "ಬೇಡ ಅಂದ್ರೆ ಬೇಡ."

"ಹಾಡು" ಎಂದಳು ಗುನ್ವೋರ್. "ಆದ್ರೆ ನಾನೂ ಬರ್ತೀನಿ. ಮುಂದಿನ ಸಾಲಲ್ಲಿ ಕೂತ್ಕೋತೀನಿ. ಒಬ್ರಾದ್ರೂ ನಗದೆ ಕೇಳೋರು ಬೇಕಲ್ಲ."

ಇಪ್ಪತ್ತು ವರ್ಷದಲ್ಲಿ ಒಂದು ಕಾರ್ಯಕ್ರಮಕ್ಕೂ ಬರದಿದ್ದ ಗುನ್ವೋರ್ ಆ ಬೇಸಿಗೆ ಎಲ್ಲ ಕಡೆಗೂ ಬಂದಳು. ಮಡಚುವ ಕುರ್ಚಿ, ಫ್ಲಾಸ್ಕು, ಮಡಿಲ ಮೇಲೆ ಕೈಚೀಲ. ಸುತ್ತ ಜನ ಉರುಳಾಡುವಾಗ ಅವಳು ಬೆನ್ನು ನೆಟ್ಟಗೆ ಮಾಡಿ, ಗಂಡನ ಮುಖ ನೋಡುತ್ತಾ, ಚರ್ಚಿನಲ್ಲಿ ಕೂತಂತೆ ಕೂತು ಕೇಳಿದಳು. ಸ್ಟೆಲ್ಲನ್ ಅವಳೊಬ್ಬಳನ್ನೇ ನೋಡಿಕೊಂಡು ಹಾಡಿದ. ಮೊದಲೆರಡು ಕಡೆ ಗಂಡಹೆಂಡತಿಯ ಈ ಗುಟ್ಟು ಚೆನ್ನಾಗಿಯೇ ನಡೆಯಿತು.

ಮೂರನೆಯ ಕಡೆ ಜನ ಅವಳನ್ನು ಗಮನಿಸಿದರು. ಗಮನಿಸಿ ಇನ್ನಷ್ಟು ನಕ್ಕರು. ಊರ ಪತ್ರಿಕೆಯಲ್ಲಿ ವಿಮರ್ಶೆ ಬಂತು: ಗಾಯಕರು ಎಂದಿನಂತೆ ಚೆನ್ನಾಗಿ ಹಾಡಿದರು, ಆದರೆ ಸಂಜೆಯ ನಿಜವಾದ ಪ್ರತಿಭೆ ಮುಂದಿನ ಸಾಲಿನಲ್ಲಿ ಕಲ್ಲಿನಂತೆ ಕೂತಿದ್ದ ಮಹಿಳೆ, ಇಷ್ಟು ಸಂಯಮದ ಹಾಸ್ಯನಟಿಯನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರು?

"ಹಾಸ್ಯನಟಿಯಂತೆ" ಎಂದು ಗುನ್ವೋರ್ ಪತ್ರಿಕೆಯನ್ನು ಎರಡು ಸಲ ಓದಿ, ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು.

ಆಮೇಲೆ ಫೋನು ಬಂದಾಗಲೆಲ್ಲ ಸಂಘಟಕರ ಮೊದಲ ಪ್ರಶ್ನೆ, "ಆ ಮೇಡಮ್ ಬರ್ತಾರೆ ತಾನೆ?" ಎಂದು. ಭಿತ್ತಿಪತ್ರದಲ್ಲಿ 'ಒದ್ದೆ ಕಾಲುಚೀಲ' ಎಂದು ಸಣ್ಣಕ್ಷರದಲ್ಲಿ ಹಾಕಿ, ಅದರ ಮೇಲೆ 'ನಗದ ಹೆಂಗಸು' ಎಂದು ದಪ್ಪಕ್ಷರದಲ್ಲಿ ಹಾಕಿದರು. ಒಂದು ಕಡೆಯಂತೂ ಅವಳ ಕುರ್ಚಿಯ ಮೇಲೆ ಪ್ರತ್ಯೇಕ ದೀಪ ಬಿಟ್ಟಿದ್ದರು. ಸ್ಟೆಲ್ಲನ್ ಅರೆಗತ್ತಲಲ್ಲಿ ನಿಂತು ಹಾಡಬೇಕಾಯಿತು. ಇಪ್ಪತ್ತು ವರ್ಷ ಕಡವೆ, ಪುರಸಭೆ ಎಂದು ಬೆವರು ಸುರಿಸಿದವನು ಈಗ, ಹೆಂಡತಿ ನಗದೆ ಕೂರುವುದಕ್ಕೆ ಪಕ್ಕವಾದ್ಯ ನುಡಿಸುವವನಾದ.

ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಅವಳ ಕಡೆಗೆ ತಿರುಗಿದ ಮುಖಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬೇಕಲ್ಲ, ಸ್ಟೆಲ್ಲನ್ ಹಾಡನ್ನು ಒಂಚೂರು ತಿದ್ದಿದ. ಪದ ಮುಟ್ಟಲಿಲ್ಲ, ಅಷ್ಟು ನಿಯತ್ತು ಇತ್ತು. 'ಹಸಿವಿಲ್ಲ' ಎಂದ ಮೇಲೆ ಒಂದು ಕ್ಷಣ ತಡೆದು ನಿಂತ. ಮುಂದಿನ ವಾರ ಎರಡು ಕ್ಷಣ. ಅದರ ಮುಂದಿನ ವಾರ ಹುಬ್ಬು ಏರಿಸಿದ. ನಗು ಅವನ ಕಡೆಗೆ ವಾಪಸು ಬರತೊಡಗಿತು, ಅವನಿಗೂ ಹಾಯೆನಿಸಿತು. ಗುನ್ವೋರ್ ಅದೇ ಮುಖದಲ್ಲಿ ಕೂತಿದ್ದಳು. ಅವಳಿಗೇನೂ ಗೊತ್ತಾಗಿಲ್ಲ ಎಂದುಕೊಂಡ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ, ಕೆರೆಯ ದಂಡೆಯ ಹುಲ್ಲಿನ ಮೇಲೆ ವಾದ್ಯಗಾರರ ಮೇಳ. ಮುನ್ನೂರು ಜನ, ಬಿಸಿಲು, ಎಲ್ಲ ಕಡೆ ಕಾಫಿಯ ವಾಸನೆ. ಸ್ಟೆಲ್ಲನ್ ಒಳ್ಳೆಯ ಹುರುಪಿನಲ್ಲಿದ್ದ. ಎರಡನೆಯ ನುಡಿಗೆ ಬಂದ. 'ನಾನು ಫ್ರಿಜ್ಜಿನ ಬಾಗಿಲು ತೆರೆದು' ಎನ್ನುವಾಗ ಗಿಟಾರಿನಿಂದ ಬಲಗೈ ತೆಗೆದು, ಗಾಳಿಯಲ್ಲಿ ಒಂದು ಹಿಡಿ ಹಿಡಿದು, ಬಾಗಿಲು ಎಳೆದು, ಒಳಗೆ ಇಣುಕಿದ.

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಗುನ್ವೋರ್. ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲಲಿಲ್ಲ. ಕೈಚೀಲ ಹುಲ್ಲಿಗೆ ಬಿತ್ತು, ಫ್ಲಾಸ್ಕು ಉರುಳಿತು, ಅವಳು ಮುಂದಕ್ಕೆ ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುನ್ನೂರು ಜನ ಗಪ್‌ಚಿಪ್ಪಾದರು. ನಗದ ಹೆಂಗಸು ನಕ್ಕರೆ ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಏನೋ ಅನಾಹುತ ಆಗಿದೆ ಎಂದು ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಮೌನದಲ್ಲಿ ಸ್ಟೆಲ್ಲನ್ ಕೊನೆಯ ನುಡಿ ಹಾಡಿದ. ಕೆಮ್ಮು ಕೂಡ ಇಲ್ಲ. ಹುಟ್ಟುಹಬ್ಬದ ದಿನ ಯಾರೂ ಕೇಳಿಸಿಕೊಳ್ಳದ ಆ ನಾಲ್ಕು ಸಾಲನ್ನು ಎಲ್ಲರೂ ಕೇಳಿದರು. ಮುಗಿದಾಗ ಒಬ್ಬ ಮುದುಕ ಟೋಪಿ ತೆಗೆದ. ಹಿಂದೆ ಒಬ್ಬಾಕೆ ಮೂಗು ಒರೆಸಿಕೊಂಡು, ಗಂಡನ ಕೈ ಹಿಡಿದಳು. ಗಂಡ ಗಾಬರಿಯಿಂದ ಕೈ ನೋಡಿಕೊಂಡ.

ಮನೆಗೆ ವಾಪಸು ಹೋಗಲು ಇಬ್ಬರೂ ಕಾರು ಹತ್ತಿದರು.

"ಇವತ್ತು ಎಲ್ರೂ ಅಳ್ತಿದ್ರು" ಎಂದ ಸ್ಟೆಲ್ಲನ್.

"ನೋಡ್ದೆ."

"ಒಬ್ರೂ ನಗ್ಲಿಲ್ಲ. ನೀನೊಬ್ಳೇ ನಕ್ಕಿದ್ದು."

"ಹ್ಞೂಂ."

"ಯಾಕೆ ಗುನ್ವೋರ್? ಬೇಸಿಗೆಯೆಲ್ಲಾ ನೀನೊಬ್ಳೇ ನಂಬಿದ್ದೆ."

ಗುನ್ವೋರ್ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ ಫ್ರಿಜ್ಜಿನ ಹಿಡಿ ಎಡಗಡೆ ಇರೋದು ಸ್ಟೆಲ್ಲನ್. ನೀನು ಬಲಗಡೆಯಿಂದ ತೆಗ್ದೆ."

ಸ್ಟೆಲ್ಲನ್ ಮನೆ ತಲುಪಿ, ಬೂಟು ಬಿಚ್ಚುವುದನ್ನೂ ಮರೆತು, ನೇರ ಅಡುಗೆಮನೆಗೆ ಹೋಗಿ ನಿಂತು ನೋಡಿದ. ಹಿಡಿ ಎಡಗಡೆಯೇ ಇತ್ತು.